ಹಿಂದೆ ಯಾರು ಕೂಡುತ್ತಾರೆ?

ಸರಕಾರಿ ಕಚೇರಿಯ ಗುಮಾಸ್ತನಿಗೂ ಕುರ್ಚಿಗೂ ಇರುವ ಸಂಬಂಧ ಎಲ್ಲರಿಗೂ ತಿಳಿದದ್ದೇ. ಬೆಳಿಗ್ಗೆ ಕುಳಿತರೆ ಸಂಜೆಗೆ ಏಳುವವರು ನಾವು. ಆದುದರಿಂದ ಕುಳಿತುಕೊಳ್ಳುವ ವಿದ್ಯೆಯಲ್ಲಿ ನಮಗೆ ಯಾರೂ ಏನನ್ನೂ ಕಲಿಸಬೇಕಾಗಿಲ್ಲವೆಂಬ ಒಂದು ಸಣ್ಣ ಹೆಮ್ಮೆ ನಮಗಿತ್ತು. ಧಾರಾವಿಯ ಒಂದು ಗಲ್ಲಿಯಲ್ಲಿ, ಎಂಟಡಿ ಅಗಲದ ಒಂದು ಅಂಗಡಿಯಲ್ಲಿ, ಕಲಬುರಗಿ ಕಡೆಯ ಹಿರಿಯರೊಬ್ಬರು ಆ ಹೆಮ್ಮೆಯನ್ನು ಇಳಿಸಿದರು. ಮೋಟಾರ್‌ಸೈಕಲ್ ಇಟ್ಟುಕೊಂಡಿರುವ ನಮ್ಮ ಸಂಘದ ಸಂಸಾರಗಳಿಗೆ ಉಪಯೋಗವಾದೀತೆಂದು ಆ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ವಾಸ ಚೆಂಬೂರಿನಲ್ಲಿ, ಕಚೇರಿ ಬಾಂದ್ರಾ ಪೂರ್ವದಲ್ಲಿ. ನಮ್ಮ ಮನೆಯವರು ಅಲ್ಲಿಯೇ ಹತ್ತಿರದ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಮದುವೆಯಾದಂದಿನಿಂದ ಇಬ್ಬರೂ ಒಂದೇ ಗಾಡಿಯಲ್ಲಿ ಹೋಗಿ ಬರುವ ಪದ್ಧತಿ. ಮನೆಯೆಂದರೆ ಒಂದು ಕೋಣೆ, ಒಂದು ಅಡಿಗೆಮನೆ. ಅದರಲ್ಲಿ ನಮ್ಮ ತಾಯಿಯವರು, ಇಬ್ಬರು ಮಕ್ಕಳು, ಊರಿನಿಂದ ಬಂದು ಹೋಗುವ ನೆಂಟರು. ಮುಂಬಯಿಯ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡಹೆಂಡಿರು ನಾಲ್ಕು ಮಾತು ಆಡಬೇಕೆಂದರೆ ಅದಕ್ಕೆ ಸ್ಥಳವೆಂಬುದು ಮೋಟಾರ್‌ಸೈಕಲ್ಲಿನ ಸೀಟು ಒಂದೇ. ಮಗನ ಶಾಲೆಯ ಶುಲ್ಕ, ತಂಗಿಯ ಮದುವೆ, ಸಾಲದ ಕಂತು, ತಾಯಿಯವರ ಕಣ್ಣಿನ ಚಿಕಿತ್ಸೆ, ನಮ್ಮ ಸಂಸಾರದ ದೊಡ್ಡ ತೀರ್ಮಾನಗಳೆಲ್ಲ ಆಗಿರುವುದು ಸಯನ್ ಮತ್ತು ಬಾಂದ್ರಾಗಳ ನಡುವೆ.

2024ರ ಆಗಸ್ಟ್‌ನಲ್ಲಿ ಸಯನ್ನಿನ ಹಳೆಯ ರೈಲ್ವೆ ಮೇಲ್ಸೇತುವೆಯನ್ನು ಹೊಸದಾಗಿ ಕಟ್ಟುವುದಕ್ಕಾಗಿ ಮುಚ್ಚಿದರು. ನಮ್ಮ ದಾರಿ ಸುತ್ತಾಯಿತು. ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು ಹೆಚ್ಚಾಯಿತು. ಆ ಮಳೆಗಾಲದಲ್ಲಿ ನಮ್ಮ ಮನೆಯವರಿಗೆ ಸೊಂಟನೋವು ಶುರುವಾಯಿತು. ವೈದ್ಯರು ನೋಡಿ, ಎಲುಬಿಗೆ ಏನೂ ಆಗಿಲ್ಲ, ಕೂರುವ ರೀತಿ ಸರಿಯಿಲ್ಲ ಎಂದರು. ದೀಪಾವಳಿಯ ಹೊತ್ತಿಗೆ ಅವರು, “ಇನ್ನು ನಾನು ಬಸ್ಸಿನಲ್ಲೇ ಹೋಗ್ತೀನಿ, ನೀವು ಗಾಡಿಯಲ್ಲಿ ಬನ್ನಿ,” ಎಂದುಬಿಟ್ಟರು. ನಾವು ಒಬ್ಬರೇ ಹೋಗಿ ಬರತೊಡಗಿದೆವು. ಮನೆಯಲ್ಲಿ ಮಾತು ಕಡಿಮೆಯಾಯಿತು. ಜಗಳವಿಲ್ಲ, ಬೇಸರವೂ ಇಲ್ಲ, ಆಡಲು ಸ್ಥಳವಿಲ್ಲ ಅಷ್ಟೆ. ಒಂದು ತಿಂಗಳ ಮೇಲೆ, ಮಗನಿಗೆ ಶಾಲೆಯಲ್ಲಿ ಬಹುಮಾನ ಬಂದ ಸುದ್ದಿ ನಮಗೆ ನೆರೆಮನೆಯವರಿಂದ ತಿಳಿದಾಗ, ಇದು ಹೀಗೆ ನಡೆಯಬಾರದೆಂದು ಅನ್ನಿಸಿತು.

ಕೂಡಲೆ ಸೀಟು ಬದಲಾಯಿಸಲು ಹೊರಟೆವು. ಅಲ್ಲಿಯೇ ನಮ್ಮ ತಪ್ಪುಗಳೂ ಶುರುವಾದವು.

ಮೊದಲನೆಯ ತಪ್ಪು, ಮೆತ್ತಗಿದ್ದದ್ದೆಲ್ಲ ಸುಖವೆಂದು ತಿಳಿದದ್ದು. ಜೆಲ್ ತುಂಬಿದ ಮೆತ್ತೆಯೊಂದನ್ನು ಕೊಂಡು ಸೀಟಿನ ಮೇಲೆ ಪಟ್ಟಿಯಿಂದ ಕಟ್ಟಿದೆವು. ಅಂಗಡಿಯಲ್ಲಿ ಬೆರಳಿನಿಂದ ಒತ್ತಿದಾಗ ಅದು ಬೆಣ್ಣೆಯಂತಿತ್ತು. ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ಮೇಲೆ ಕಾದ ಕಾವಲಿಯಾಯಿತು. ತಿರುವಿನಲ್ಲಿ ಒಂದು ಪಕ್ಕಕ್ಕೆ ಸರಿಯುತ್ತಿತ್ತು. ಹಿಂದೆ ಕುಳಿತವರಿಗೆ ಅದರಿಂದ ಸಮಾಧಾನಕ್ಕಿಂತ ಭಯವೇ ಹೆಚ್ಚು. ಎರಡನೆಯ ತಪ್ಪು, ಉಪನಗರದ ಒಂದು ಅಂಗಡಿಯಲ್ಲಿ ಸಿದ್ಧವಾಗಿಟ್ಟಿದ್ದ ದಪ್ಪ ಸೀಟನ್ನು ನೋಟಕ್ಕೆ ಮರುಳಾಗಿ ಹಾಕಿಸಿಕೊಂಡದ್ದು. ಕೆಂಪು ದಾರದ ಹೊಲಿಗೆ, ವಜ್ರಾಕೃತಿಯ ಗೆರೆ, ನೋಡಲು ಸೋಫಾದಂತೆ. ಆದರೆ ಹಿಂದಿನ ಭಾಗ ಮುಂದಕ್ಕೆ ಇಳಿಜಾರು. ಬ್ರೇಕು ಹಾಕಿದಾಗಲೆಲ್ಲ ನಮ್ಮ ಮನೆಯವರು ನಮ್ಮ ಬೆನ್ನಿಗೆ ಬಂದು ಒರಗುವರು. ನಾವು ಪೆಟ್ರೋಲ್ ಟ್ಯಾಂಕಿಗೆ ಒತ್ತಿಕೊಳ್ಳುವೆವು. ಒಂದೇ ದಿನ ಕುಳಿತು ಅವರು ಮತ್ತೆ ಬಸ್ಸಿಗೆ ಹೋದರು. ಅಂಗಡಿಯವರು ನಮ್ಮನ್ನು ಕೇಳಿದ್ದು ಎರಡೇ ಪ್ರಶ್ನೆ: ಗಾಡಿ ಯಾವುದು, ಬಣ್ಣ ಯಾವುದು?

ನಮ್ಮ ಪೇಚಾಟವನ್ನು ನೋಡಿ ಕಚೇರಿಯ ಸಿಪಾಯಿಯೊಬ್ಬರು ಧಾರಾವಿಯ ಈ ಹಿರಿಯರ ಗುರುತು ಹೇಳಿದರು. ದಿನವೂ ಧಾರಾವಿಯ ಅಂಚಿನಲ್ಲಿ ಹಾದು ಹೋಗುವವರು ನಾವು. ಸಯನ್-ಬಾಂದ್ರಾ ಲಿಂಕ್ ರಸ್ತೆಯ ಪಕ್ಕದ ಚರ್ಮದ ಅಂಗಡಿಗಳ ಸಾಲನ್ನು ನೋಡುತ್ತಲೇ ಇದ್ದೆವು. ಒಳಗೆ ಕಾಲಿಟ್ಟಿರಲಿಲ್ಲ. ಒಂದು ಕಾಲಕ್ಕೆ ಇಲ್ಲಿ ಚರ್ಮ ಹದಮಾಡುವ ಕೆಲಸ ಬಹಳವಾಗಿತ್ತು. ತಮಿಳುನಾಡಿನಿಂದ ಬಂದ ಹದಗಾರರು ಅದನ್ನು ಬೆಳೆಸಿದರು. ಬಾಂದ್ರಾದ ಕಸಾಯಿಖಾನೆ 1971ರಲ್ಲಿ ದೇವನಾರಿಗೆ ಹೋಯಿತು. ಕ್ರಮೇಣ ಹದಮಾಡುವ ಕೆಲಸವೂ ಬಹುಮಟ್ಟಿಗೆ ಹೊರಗೆ ಹೋಯಿತು. ಕತ್ತರಿಸುವ, ಅಂಟಿಸುವ, ಹೊಲಿಯುವ ಕೈಗಳು ಮಾತ್ರ ಉಳಿದವು. ಚೀಲ, ಬೆಲ್ಟು, ಪಾಕೀಟುಗಳನ್ನು ಮಾಡುವ ಅದೇ ಕೈಗಳು ರೆಕ್ಸಿನ್ ಕೆಲಸವನ್ನೂ ಮಾಡುತ್ತವೆ. ನಮ್ಮ ಹಿರಿಯರೂ ಹುಡುಗನಾಗಿ ಬಂದು ಚೀಲ ಹೊಲಿಯುವುದನ್ನು ಕಲಿತು, ಆಮೇಲೆ ಸೀಟಿನ ಕೆಲಸಕ್ಕೆ ಇಳಿದವರಂತೆ. ಗಲ್ಲಿಯಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಾರೆ.

ನಾವು ಹಿಂದಿಯಲ್ಲಿ ಶುರುಮಾಡಿದೆವು. ಅವರು ಒಂದು ನಿಮಿಷ ಕೇಳಿ, “ಕನ್ನಡದವರೇನ್ರೀ ಸಾಹೇಬ್ರ? ಹಂಗಾರ ಕನ್ನಡದಾಗ ಹೇಳ್ರಿ,” ಎಂದರು. ಹೇಳಿದೆವು. ಗಾಡಿಯನ್ನೂ ನೋಡಲಿಲ್ಲ, ಬಣ್ಣವನ್ನೂ ಕೇಳಲಿಲ್ಲ.

“ಹಿಂದ ಯಾರು ಕೂಡ್ತಾರ್ರೀ?”

“ನಮ್ಮ ಮನೆಯವರು.”

“ಅವರನ್ನ ಕರ್ಕೊಂಡ್ ಬರ್ರಿ. ನೋವು ಅವರದು, ಅಳತಿ ನಿಮ್ಮದು ಅಂದ್ರ ಹ್ಯಾಂಗ? ಅವರು ಬರಲಾರದ ನಾ ಕತ್ತಿ ಹಚ್ಚಂಗಿಲ್ಲ.”

ಮುಂದಿನ ಭಾನುವಾರ ನಾವು ಗಾಡಿಯಲ್ಲಿ, ಅವರು ಬಸ್ಸಿನಲ್ಲಿ, ಒಂದೇ ಅಂಗಡಿಗೆ ಎರಡು ದಾರಿಯಿಂದ ಬಂದು ಸೇರಿದೆವು.

ಉಸ್ತಾದರು ಅಂದು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇವೆ. ಯಾರಿಗಾದರೂ ಸೀಟು ಮಾಡಿಸಬೇಕಾದರೆ ಇದೇ ಕ್ರಮ ಸರಿ.

ಮೊದಲು ಸೀಟನ್ನು ಮುಟ್ಟಲೇ ಇಲ್ಲ. ಚಕ್ರದ ಗಾಳಿ ನೋಡಿಸಿದರು. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚು ಗಾಳಿ ತುಂಬಿತ್ತು. ಗಟ್ಟಿ ಚಕ್ರ ರಸ್ತೆಯ ಪ್ರತಿ ಪೇವರ್ ಕಲ್ಲನ್ನೂ ಸೀಟಿಗೆ ಮುಟ್ಟಿಸುತ್ತದೆ. ಆಮೇಲೆ ಹಿಂದಿನ ಶಾಕ್ ಅಬ್ಸಾರ್ಬರನ್ನು ನೋಡಿದರು. ಅದರ ಸ್ಪ್ರಿಂಗಿನ ಬಿಗಿಯನ್ನು ಹೆಚ್ಚುಕಡಿಮೆ ಮಾಡಲು ಮೆಟ್ಟಿಲುಗಳಿರುತ್ತವೆ. ಒಬ್ಬರೇ ಕೂರುವಾಗ ಸಡಿಲ, ಇಬ್ಬರು ಕೂರುವಾಗ ಬಿಗಿ. ಗಾಡಿ ಕೊಂಡ ದಿನದಿಂದ ನಮ್ಮದು ಒಂದೇ ಮೆಟ್ಟಿಲಿನಲ್ಲಿತ್ತು. “ಅರ್ಧಾ ಬ್ಯಾನಿ ಇಲ್ಲೇ ಐತ್ರಿ. ಇದಕ್ಕ ರೊಕ್ಕ ಬ್ಯಾಡ,” ಎಂದರು. ಸೀಟು ಮಾಡಿಸುವ ಮೊದಲು ಈ ಎರಡನ್ನೂ ನೋಡಿಕೊಳ್ಳಿರೆಂದು ವಾಚಕರಿಗೂ ನಮ್ಮ ಸಲಹೆ.

ಎರಡನೆಯದು ಅಳತೆ. ನಾವು ಕುಳಿತಾಗ ದೇಹದ ಭಾರವೆಲ್ಲ ಕೆಳಗಿನ ಎರಡು ಎಲುಬಿನ ತುದಿಗಳ ಮೇಲೆ ಬೀಳುತ್ತದೆ. ಅವುಗಳ ನಡುವಣ ಅಂತರ ಒಬ್ಬೊಬ್ಬರಿಗೆ ಒಂದೊಂದು. ಸಾಮಾನ್ಯವಾಗಿ ಹೆಂಗಸರಿಗೆ ತುಸು ಹೆಚ್ಚು. ಉಸ್ತಾದರು ಮರದ ಸ್ಟೂಲಿನ ಮೇಲೆ ಖೋಕಾದ ಅಲೆಅಲೆ ರಟ್ಟನ್ನಿಟ್ಟು, ನಮ್ಮ ಮನೆಯವರನ್ನು, “ಒಂದ್ ಮಿನಿಟ್ ಕೂಡು ತಂಗಿ,” ಎಂದು ಕೂರಿಸಿದರು. ಎದ್ದಾಗ ರಟ್ಟಿನ ಮೇಲೆ ಎರಡು ಗುಳಿ ಮೂಡಿದ್ದವು. ನಮ್ಮದನ್ನೂ ತೆಗೆದರು. ಎರಡೂ ರಟ್ಟುಗಳನ್ನು ಸೀಟಿನ ಮೇಲಿಟ್ಟು ತೋರಿಸಿದರು. ಹಿಂದಿನ ಸೀಟು ನಡುವೆ ಉಬ್ಬಿ ಎರಡೂ ಪಕ್ಕಕ್ಕೆ ಇಳಿದಿತ್ತು. ನಮ್ಮ ಮನೆಯವರ ಗುಳಿಗಳು ಸರಿಯಾಗಿ ಆ ಇಳಿಜಾರಿನ ಮೇಲೆಯೇ ಬೀಳುತ್ತಿದ್ದವು. ಎಂದರೆ ಅವರು ಇಷ್ಟು ವರ್ಷ ಸೀಟಿನ ಮೇಲೆ ಕುಳಿತಿರಲಿಲ್ಲ, ಜಾರದಂತೆ ತಮ್ಮನ್ನು ತಾವು ಹಿಡಿದುಕೊಂಡಿದ್ದರು. ಸೊಂಟ ನೋಯದೆ ಏನಾದೀತು? ಇದನ್ನು ಕೇಳಿ ಅವರು ನಮ್ಮ ಮುಖವನ್ನು ನೋಡಿದರು. ನಾವು ರಟ್ಟನ್ನು ನೋಡಿದೆವು.

ಮೂರನೆಯದು ಒಳಗಿನ ಫೋಮು. ಪಾಲಿಯುರಿಥೇನ್ ಎಂಬ ಈ ವಸ್ತುವನ್ನು ಜರ್ಮನಿಯ ಒಟ್ಟೋ ಬೇಯರ್ ಎಂಬ ರಸಾಯನಶಾಸ್ತ್ರಜ್ಞರು 1937ರಲ್ಲಿ ಕಂಡುಹಿಡಿದರು. ಅದರಿಂದ ಮೆತ್ತನೆಯ ಫೋಮು ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಅದಕ್ಕೆ ಮುಂಚೆ ಮೋಟಾರ್‌ಸೈಕಲ್ಲಿಗೆ ಸ್ಪ್ರಿಂಗುಗಳ ಮೇಲೆ ಕೂರಿಸಿದ ಚರ್ಮದ ಜೀನು ಇರುತ್ತಿತ್ತು. ಪೇಟೆಯಲ್ಲಿ ಫೋಮನ್ನು ‘ಡೆನ್ಸಿಟಿ’ಯ ಲೆಕ್ಕದಲ್ಲಿ ಮಾರುತ್ತಾರೆ. 32 ಡೆನ್ಸಿಟಿ ಎಂದರೆ ಒಂದು ಘನಮೀಟರ್ ಫೋಮು 32 ಕಿಲೋ ತೂಗುತ್ತದೆ, 50 ಎಂದರೆ 50 ಕಿಲೋ. ಇದನ್ನು ಗಟ್ಟಿತನದ ಲೆಕ್ಕವೆಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಡೆನ್ಸಿಟಿ ಹೇಳುವುದು ಮುಖ್ಯವಾಗಿ ಫೋಮು ಎಷ್ಟು ಕಾಲ ಕುಗ್ಗದೆ ಬಾಳುತ್ತದೆಂಬುದನ್ನು. ಮೆದು, ಗಟ್ಟಿ ಎಂಬುದು ಬೇರೆ ಮಾತು, ಅದನ್ನು ಕುಳಿತೇ ನೋಡಬೇಕು. ಅತಿ ಮೆತ್ತನೆಯ ಫೋಮಿನಲ್ಲಿ ಹತ್ತು ನಿಮಿಷ ಸುಖ. ಆಮೇಲೆ ಎಲುಬು ಕೆಳಗಿಳಿದು ತಳದ ಪ್ಲಾಸ್ಟಿಕ್ಕಿಗೆ ತಾಗುತ್ತದೆ. ಅತಿ ಗಟ್ಟಿಯಾದರೆ ಎಂಜಿನ್ನಿನ ನಡುಕವೆಲ್ಲ ಬೆನ್ನಿಗೆ ಏರುತ್ತದೆ. ಆದುದರಿಂದ ಉಸ್ತಾದರು ಎರಡು ಪದರ ಮಾಡುತ್ತಾರೆ. ಕೆಳಗೆ ಫೋಮಿನ ಚೂರುಗಳನ್ನು ಒತ್ತಿ ಮಾಡಿದ ಬಾಂಡೆಡ್ ಫೋಮು, ಮೇಲೆ ಒಂದಿಂಚಿನ ಒಳ್ಳೆಯ ಮೆದು ಫೋಮು. “ಹೊಲದಾಗ ಕೆಳಗ ಗಟ್ಟಿ ನೆಲ, ಮ್ಯಾಲ ಮೆತ್ತನ್ನ ಮಣ್ಣು. ಅಷ್ಟ ರೀ,” ಎಂದರು.

ನಾಲ್ಕನೆಯದು ಆಕಾರ. ಹಿಂದಿನ ಭಾಗವನ್ನು ಸಮತಟ್ಟು ಮಾಡಿ, ಅಂಚನ್ನು ಅಗಲಿಸಿ, ಮುಂದಕ್ಕಿದ್ದ ಇಳಿಜಾರನ್ನು ತೆಗೆದರು. ನಾವು ಕೂರುವ ಜಾಗದಲ್ಲಿ ಎತ್ತರ ಏರಿಸಲಿಲ್ಲ. ಸೀಟು ಒಂದಿಂಚು ಎದ್ದರೆ ಮೊಣಕಾಲಿಗೆ ಹಿತವೇನೋ ಹೌದು, ಆದರೆ ನಮ್ಮಂಥ ಗಿಡ್ಡವರಿಗೆ ಸಿಗ್ನಲಿನಲ್ಲಿ ಕಾಲು ನೆಲಕ್ಕೆ ಎಟುಕುವುದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡಿದ್ದಾಗ ಕಾಲು ತಪ್ಪಿದರೆ ಇಬ್ಬರೂ ಬೀಳುವುದೇ. ಬದಲಿಗೆ ಟ್ಯಾಂಕಿನ ಹತ್ತಿರದ ಮೂಗನ್ನು ಎರಡು ಪಕ್ಕಕ್ಕೂ ತುಸು ಕೆತ್ತಿದರು. ಕಾಲು ನೇರವಾಗಿ ಇಳಿಯಿತು. ಕೆತ್ತನೆಯೆಲ್ಲ ಗ್ರೈಂಡರ್ ಯಂತ್ರಕ್ಕೆ ಕಾಗದದ ತಟ್ಟೆ ಹಾಕಿ ಉಜ್ಜುವುದರಿಂದ. ಅಂಗಡಿಯೆಲ್ಲ ಹಳದಿ ಹಿಮ ಸುರಿದಂತಾಗಿತ್ತು.

ಐದನೆಯದನ್ನು ಬಹಳ ಅಂಗಡಿಗಳಲ್ಲಿ ಮಾಡುವುದಿಲ್ಲ. ಕೆತ್ತಿದ ಫೋಮಿಗೆ ಕವರು ಹಾಕದೆ, ಪ್ಲಾಸ್ಟಿಕ್ ಹಾಳೆ ಸುತ್ತಿ, ದಾರ ಬಿಗಿದು, “ಒಂದ್ ಅರ್ಧಾ ತಾಸು ಇಬ್ಬರೂ ಅಡ್ಡಾಡಿ ಬರ್ರಿ,” ಎಂದು ಕಳುಹಿಸಿದರು. ರವಿಕೆ ಹೊಲಿಯುವವರು ಕಚ್ಚಾ ಹಾಕಿ ತೊಡಿಸಿ ನೋಡುವಂತೆ! ತೊಂಬತ್ತು ಅಡಿ ರಸ್ತೆಯಲ್ಲಿ ಹೋಗಿ, ಸೌರಾಷ್ಟ್ರದಿಂದ ಬಂದ ಕುಂಬಾರರ ಕುಂಭಾರವಾಡದ ಬದಿಯಿಂದ ಬಳಸಿ ಬಂದೆವು. ಪ್ಲಾಸ್ಟಿಕ್ ಸುತ್ತಿದ ಸೀಟನ್ನು ನೋಡಿ ಮಕ್ಕಳು ನಕ್ಕರು. ನಮ್ಮ ಮನೆಯವರು ಬಹಳ ದಿನಗಳ ಮೇಲೆ ಹಿಂದೆ ಕುಳಿತಿದ್ದರು. ಮೊದಲು ಮಾತಿಲ್ಲ. ಆಮೇಲೆ, “ಎಡಗಡೆ ತುಸು ತಗ್ಗು ಅನ್ನಿಸ್ತದೆ,” ಎಂದರು. ಮರಳಿ ಬಂದು ಹೇಳಿದಾಗ ಉಸ್ತಾದರಿಗೆ ಸಂತೋಷವಾಯಿತು. ಎಡಗಡೆಗೆ ಒಂದು ಪಟ್ಟಿ ಸೇರಿಸಿದರು. ಶಾಲೆಯಲ್ಲಿ ಸಮಾರಂಭವಿದ್ದ ದಿನ ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂರುವುದುಂಟು. ಆಗ ಭಾರವೆಲ್ಲ ಆ ಅಂಚಿನ ಮೇಲೆಯೇ ಬೀಳುವುದರಿಂದ ಅಲ್ಲಿ ಗಟ್ಟಿಯಿರಬೇಕಂತೆ. ಆದರೂ ಹಾಗೆ ಕೂತರೆ ಸೊಂಟ ತಿರುಚಿಯೇ ಇರುತ್ತದೆ, ದೂರದ ದಾರಿಗೆ ಎರಡು ಕಡೆಗೂ ಕಾಲು ಹಾಕಿ ಕೂರುವುದೇ ಸರಿ ಎಂದೂ ಹೇಳಿದರು.

ಕೊನೆಯದು ಹೊದಿಕೆ. ಅಪ್ಪಟ ಚರ್ಮ ಹಾಕಿಸಿದರೆ ಹೇಗೆಂದು ಕೇಳಿದೆವು, ಊರೇ ಚರ್ಮದ ಊರಲ್ಲವೆ! ಉಸ್ತಾದರು ಒಪ್ಪಲಿಲ್ಲ. ಮುಂಬಯಿಯ ಮಳೆಯಲ್ಲಿ ನೆನೆದು ನೆನೆದು ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ದಿನವೂ ಹೊರಗೆ ನಿಲ್ಲುವ ಗಾಡಿಗೆ ರೆಕ್ಸಿನ್ನೇ ಲೇಸು. ರೆಕ್ಸಿನ್ ಎಂಬುದು ಮೂಲದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನ ಒಂದು ಕಾರಖಾನೆಯ ಸರಕಿನ ಹೆಸರು. ಕಾರಖಾನೆಯ ಸರಕು ಮರೆತುಹೋಗಿ ಹೆಸರು ನಮ್ಮಲ್ಲಿ ಉಳಿದಿದೆ. ಇಂದು ಆ ಹೆಸರಿನಲ್ಲಿ ಸಿಗುವುದು ಬಟ್ಟೆಯ ಮೇಲೆ ಪಿ.ವಿ.ಸಿ. ಲೇಪಿಸಿದ ಹಾಳೆ. ಕೂರುವ ಜಾಗದಲ್ಲಿ ತುಸು ಒರಟಾದದ್ದನ್ನು ಆರಿಸಬೇಕು, ನುಣುಪಾದದ್ದು ಜಾರುತ್ತದೆ. ಹೊಲಿಗೆ ಕಡಿಮೆಯಿದ್ದಷ್ಟೂ ಒಳ್ಳೆಯದು. ನಮ್ಮ ಹಿಂದಿನ ಸೋಫಾ ಸೀಟಿನ ವಜ್ರಾಕೃತಿಯ ಪ್ರತಿಯೊಂದು ತೂತಿನಿಂದಲೂ ಮಳೆನೀರು ಇಳಿದು ಫೋಮು ಸ್ಪಂಜಿನಂತಾಗಿತ್ತು. ಉಸ್ತಾದರು ಫೋಮಿಗೂ ರೆಕ್ಸಿನ್ನಿಗೂ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ರೆಕ್ಸಿನ್ನನ್ನು ಬಿಸಿಲಿನಲ್ಲಿ ಮೆತ್ತಗಾಗಿಸಿ ಎಳೆದು, ತಳಕ್ಕೆ ಪಿನ್ನು ಹೊಡೆದರು. ಪಿನ್ನು ತಳದ ಪ್ಲಾಸ್ಟಿಕ್ಕಿನ ದಪ್ಪಕ್ಕಿಂತ ಉದ್ದವಾಗಿರಬಾರದು, ತೂರಿ ಮೇಲೆ ಬಂದರೆ ಚುಚ್ಚುತ್ತದೆ. ತಳದಲ್ಲಿರುವ ರಬ್ಬರಿನ ಬುಶ್‌ಗಳನ್ನು ಎಣಿಸಿ ನೋಡಿದರು. ನಾಲ್ಕರಲ್ಲಿ ಒಂದಿರಲಿಲ್ಲ. ಸೀಟು ಕೂರಿಸಿ ಬೀಗ ಹಾಕಿ, ಎರಡೂ ಕೈಯಿಂದ ಎತ್ತಿ ಅಲ್ಲಾಡಿಸಿ, ಕೆಳಗೆ ಬ್ಯಾಟರಿಯ ತಂತಿ ಸಿಕ್ಕಿಕೊಂಡಿಲ್ಲವೆಂದು ನಮಗೇ ತೋರಿಸಿದ ಮೇಲೆ ಹಣ ತೆಗೆದುಕೊಂಡರು. ಒಟ್ಟು 2200 ರೂಪಾಯಿ. ಜೆಲ್ಲಿಗೂ ಸೋಫಾಕ್ಕೂ ನಾವು ಅದಕ್ಕಿಂತ ಹೆಚ್ಚು ಸುರಿದಿದ್ದೆವು.

ಗುಮಾಸ್ತಿಕೆಯ ಅಭ್ಯಾಸದಿಂದ ಕಾನೂನನ್ನೂ ತೆರೆದು ನೋಡಿದೆವು. 1988ರ ಮೋಟಾರು ವಾಹನ ಕಾಯಿದೆಯ 128ನೆಯ ಕಲಮಿನ ಪ್ರಕಾರ ಹಿಂದೆ ಒಬ್ಬರನ್ನು ಮಾತ್ರ ಕೂರಿಸಬಹುದು. ಅವರು ಗಾಡಿಗೆ ಭದ್ರವಾಗಿ ಜೋಡಿಸಿದ ಸರಿಯಾದ ಸೀಟಿನ ಮೇಲೆಯೇ ಕೂರಬೇಕು. ಕೇಂದ್ರ ನಿಯಮಾವಳಿಯ 123ನೆಯ ನಿಯಮ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಮೆಟ್ಟು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಅಡ್ಡಿ, ಈ ಮೂರೂ ಇರಬೇಕೆನ್ನುತ್ತದೆ. ಅಂದಕ್ಕಾಗಿ ಸೀರೆಯ ಅಡ್ಡಿಯನ್ನೂ ಹಿಡಿಕೆಯನ್ನೂ ಬಿಚ್ಚಿಸುವ ತರುಣರು ಇದನ್ನು ಗಮನಿಸಬೇಕು. ಎರಡು ಸೀಟಿನ ಗಾಡಿಯನ್ನು ಒಂದು ಸೀಟಿನದಾಗಿ ಮಾಡಿದರೆ ನೋಂದಣಿ ಪತ್ರದಲ್ಲಿರುವ ಆಸನಗಳ ಸಂಖ್ಯೆಗೆ ಅದು ಹೊಂದುವುದಿಲ್ಲ. ಸೀಟಿನ ಒಳಗಿನ ಫೋಮು, ಹೊದಿಕೆಗಳನ್ನು ಬದಲಾಯಿಸಿದರೆ ಆ ಸಂಖ್ಯೆ ಬದಲಾಗುವುದಿಲ್ಲ. ಸಾಧ್ಯವಾದರೆ ಮೂಲ ಸೀಟನ್ನು ಹಾಗೆಯೇ ಎತ್ತಿಟ್ಟು ಬೇರೊಂದು ತಳದ ಮೇಲೆ ಕೆಲಸ ಮಾಡಿಸುವುದು ಜಾಣತನ. ಇನ್ನೊಂದು ಮಾತು: ನೋವು ಕಾಲಿನವರೆಗೆ ಇಳಿಯುತ್ತಿದ್ದರೆ ಅಥವಾ ಕಾಲು ಜೋಮು ಹಿಡಿಯುತ್ತಿದ್ದರೆ ಮೊದಲು ಹೋಗಬೇಕಾದದ್ದು ವೈದ್ಯರಲ್ಲಿಗೆ, ಸೀಟಿನವರಲ್ಲಿಗಲ್ಲ.

ಉಸ್ತಾದರು ಹಳೆಯ ಗಾಡಿಗಳ ಅಭಿಮಾನಿ. ಮೈಸೂರಿನ ಐಡಿಯಲ್ ಜಾವಾ ಕಾರಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಯ ಜಾವಾ, ಯೆಜ್ಡಿಗಳ ಉದ್ದನೆಯ ಚಪ್ಪಟೆ ಸೀಟು ಅವರಿಗೆ ಬಲು ಇಷ್ಟ. “ಅದರಾಗ ಗಂಡಾ ಹೆಂಡ್ತಿ ಸಮ ಕೂಡ್ತಿದ್ರು. ಈಗಿನ ಗಾಡ್ಯಾಗ ಹಿಂದಿನ ಸೀಟು ಅಂದ್ರ ಹಕ್ಕಿ ಕೂಡೂ ಟೊಂಗಿ ಆಗೇತಿ,” ಎಂದರು. ನಗುತ್ತಲೇ ಹೇಳಿದರೂ ಮಾತು ನಿಜ. ಇಂದಿನ ಅನೇಕ ಗಾಡಿಗಳಲ್ಲಿ ಹಿಂದಿನ ಸೀಟು ಎತ್ತರ, ಕಿರಿದು, ಮುಂದಕ್ಕೆ ಬಾಗಿದ್ದು. ಅದನ್ನು ರೂಪಿಸಿದವರು ಕಣ್ಣಿಗಾಗಿ ರೂಪಿಸಿದ್ದಾರೆ. ಕೊಳ್ಳುವವರು ಅಂಗಡಿಯಲ್ಲಿ ಮುಂದೆ ಕುಳಿತು ನೋಡಿ ಕೊಳ್ಳುತ್ತಾರೆ. ನಾವೂ ಹಾಗೆಯೇ ಕೊಂಡವರು.

ಹೊರಡುವಾಗ, ಮುಂದೆ ಸೀಟು ಹರಿದರೆ ಇಲ್ಲಿಗೇ ಬರುತ್ತೇವೆ ಎಂದೆವು. ಉಸ್ತಾದರು ಗ್ರೈಂಡರನ್ನು ಒರೆಸುತ್ತ ತಲೆಯಾಡಿಸಿದರು. ಧಾರಾವಿಯ ಪುನರಭಿವೃದ್ಧಿಗೆ ರಾಜ್ಯ ಸರಕಾರ 2004ರಲ್ಲಿಯೇ ಒಪ್ಪಿಗೆ ಕೊಟ್ಟಿತ್ತು. 2022ರ ನವೆಂಬರಿನಲ್ಲಿ ಅದಾನಿ ಸಮೂಹದ ಬಿಡ್ಡು ಎಲ್ಲರಿಗಿಂತ ಮೇಲಾಯಿತು. 2024ರಲ್ಲಿ ಮನೆ ಅಂಗಡಿಗಳ ಸಮೀಕ್ಷೆ ಶುರುವಾಯಿತು. ಇವರ ಅಂಗಡಿಯ ಬಾಗಿಲ ಮೇಲೂ ಒಂದು ಅಂಕೆ ಬರೆದಿತ್ತು. “ಮನಿ ಕೊಟ್ಟರ ಬ್ಯಾಡ ಅನ್ನಂಗಿಲ್ರಿ, ಮಳಿಗಾಲದಾಗ ಈ ಗಲ್ಲಿ ನೋಡಬೇಕು ನೀವು. ಆದರ ನನ್ನ ಮಷೀನ್ ಏಳನೇ ಮಾಳಿಗಿಗೆ ಹೋದ್ರ, ನಿಮ್ಮ ಗಾಡಿ ಲಿಫ್ಟಿನಾಗ ಬರ್ತೈತೇನ್ರಿ?” ಎಂದು ಕೇಳಿದರು. ಅರ್ಜಿಗಳಿಗೆ ಉತ್ತರ ಬರೆದು ಬರೆದು ಪಳಗಿದ ಕೈ ನಮ್ಮದು. ಆದರೂ ಇದಕ್ಕೆ ಉತ್ತರ ಹೊಳೆಯಲಿಲ್ಲ.

ಅಂದಿನಿಂದ ನಮ್ಮ ಮನೆಯವರ ಬಸ್ಸಿನ ಪಾಸು ಡಬ್ಬಿಯಲ್ಲಿದೆ. ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನೂ ಬಿಡದೆ ಮಾಡುತ್ತಾರೆ. ಸೊಂಟನೋವು ಪೂರ್ತಿ ಹೋಗಿಲ್ಲ, ಆದರೆ ಕೂರಬಲ್ಲರು. ಕಳೆದ ತಿಂಗಳು ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ನಾಟಕ ನೋಡಿ ರಾತ್ರಿ ಮರಳುವಾಗ, ಸಯನ್ ದಾಟಿದ ಮೇಲೆ ಬೆನ್ನ ಹಿಂದಿನಿಂದ ಮಾತು ಬಂತು: “ಏನ್ರೀ, ಮಗನಿಗೆ ಮುಂದಿನ ವರ್ಷ ಕನ್ನಡ ಕಲಿಸುವ ಬಗ್ಗೆ ಏನು ಯೋಚನೆ ಮಾಡಿದ್ರಿ?”

ಮನೆ ಇನ್ನೂ ಹತ್ತು ನಿಮಿಷದ ದಾರಿಯಿತ್ತು. ಮಾತು ಮುಗಿಯಲಿಲ್ಲ. ನಾವು ಚೆಂಬೂರಿನಲ್ಲಿ ಒಂದು ಸುತ್ತು ಹೆಚ್ಚಾಗಿಯೇ ಬಳಸಿಕೊಂಡು ಮನೆ ಸೇರಿದೆವು.